ಏಳನೇ ಕುರಿಮರಿ ಯಾರದ್ದು?

ಪತ್ರ: “ಹಳೇ ವೇಲ್ಸ್‌ನ ಪಾದ್ರಿಗಳ ದಶಾಂಶದ ಜಗಳಗಳ ಲೇಖನ ಓದಿ ಬೇಸರವಾಯಿತು. ಒಂದು ಕುರಿಮರಿ, ಒಂದು ಹೊರೆ ಹುಲ್ಲಿಗಾಗಿ ದೇವರ ಸೇವಕರೇ ಒಬ್ಬರ ಮೇಲೊಬ್ಬರು ದಾವೆ ಹೂಡುವುದೇ? ದುರಾಸೆ ಅಲ್ಲದೆ ಇದು ಮತ್ತೇನು?”
– ಓದುಗರೊಬ್ಬರು

ಸಂಪಾದಕರ ಉತ್ತರ:

ನಿಮ್ಮ ಬೇಸರ ಅರ್ಥವಾಗುತ್ತದೆ. ಆಸೆಬುರುಕರೂ ಇದ್ದರು, ಇಲ್ಲ ಅನ್ನುವುದಿಲ್ಲ. ಉತ್ತರ ವೇಲ್ಸ್‌ನ ಸೇಂಟ್ ಆಸಫ್‌ನಲ್ಲಿ ಹದಿನಾರನೇ ಶತಮಾನದಲ್ಲಿದ್ದ ಬಿಷಪ್ ವಿಲಿಯಂ ಹ್ಯೂಸ್ ಹತ್ತಾರು ಚರ್ಚುಗಳ ಆದಾಯವನ್ನು ಒಬ್ಬರೇ ಇಟ್ಟುಕೊಂಡಿದ್ದರು. ಆದರೆ ಅವರನ್ನು ತೋರಿಸಿ ಉಳಿದವರನ್ನೂ ಅದೇ ತಕ್ಕಡಿಗೆ ಹಾಕಬೇಡಿ.

ಹೊಟ್ಟೆಪಾಡಿನ ಲೆಕ್ಕ ನೋಡಿ. ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ, ಅದೇ ದಶಾಂಶ. ವೆಲ್ಷ್ ಜನ ಅದನ್ನು ‘ದೆಗುಮ್’ ಅನ್ನುತ್ತಾರೆ. ಧಾನ್ಯ, ಒಣಹುಲ್ಲಿನ ದೊಡ್ಡ ಪಾಲು ರೆಕ್ಟರ್‌ಗೆ, ಅಂದರೆ ಆ ಚರ್ಚಿನ ಆದಾಯದ ಮುಖ್ಯ ಹಕ್ಕುದಾರನಿಗೆ. ಉಣ್ಣೆ, ಕುರಿಮರಿ, ಮೊಟ್ಟೆ, ಜೇನಿನ ಸಣ್ಣ ಪಾಲು ಊರಲ್ಲಿದ್ದು ಪೂಜೆ ನಡೆಸುವ ವಿಕಾರ್‌ಗೆ. ಎಷ್ಟೋ ಕಡೆ ರೆಕ್ಟರ್ ಅಂದರೆ ಒಂದು ಸನ್ಯಾಸಿ ಮಠ. 1536ರಿಂದ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಆ ದೊಡ್ಡ ಪಾಲು ರಾಜನ ಕೈಸೇರಿ, ಅಲ್ಲಿಂದ ಜಮೀನ್ದಾರರ ಕೈಗೆ ಹೋಯಿತು. ಮಗುವಿಗೆ ದೀಕ್ಷಾಸ್ನಾನ ಮಾಡಿಸಿ, ಸತ್ತವರನ್ನು ಮಣ್ಣು ಮಾಡುವವನಿಗೆ ಉಳಿದದ್ದು ಮೊಟ್ಟೆ, ಉಣ್ಣೆ. ಅದನ್ನೂ ಪಕ್ಕದ ಪ್ಯಾರಿಷ್‌ನ (ಒಂದು ಚರ್ಚಿಗೆ ಸೇರಿದ ಪ್ರದೇಶದ) ಪಾದ್ರಿ ಕೇಳಿದರೆ ಸುಮ್ನೆ ಕೂರಬೇಕಿತ್ತೇ?

ಕೇಳಲು ಕಾರಣವೂ ಇತ್ತು. ವೇಲ್ಸ್ ಕುರಿಗಳ ನಾಡು. ಚಳಿಗಾಲ ಕಣಿವೆಯ ‘ಹೆಂದ್ರೆ’ ಮನೆಯಲ್ಲಿ, ಬೇಸಿಗೆ ಗುಡ್ಡದ ಮೇಲಿನ ‘ಹಾವೊದ್’ನಲ್ಲಿ. ಕುರಿ ಮೇಯುವುದು ಒಂದು ಪ್ಯಾರಿಷ್, ಉಣ್ಣೆ ಕತ್ತರಿಸುವುದು ಇನ್ನೊಂದು. ಎಲ್ಲಿ ಎಷ್ಟು ದಿನ ಮೇಯ್ದಿತೋ ಅಷ್ಟಕ್ಕೆ ಪಾಲು ಅಂತ ಚರ್ಚಿನ ಕಾನೂನು. ಆ ದಿನಗಳನ್ನು ಎಣಿಸಿದವರು ಯಾರು? ಬಿಷಪ್‌ನ ನ್ಯಾಯಾಲಯದಲ್ಲಿ ಊರ ಮುದುಕರೇ ಸಾಕ್ಷಿ: ನಾನು ಚಿಕ್ಕವನಿದ್ದಾಗ ಈ ಗುಡ್ಡದ ಉಣ್ಣೆ ಇಂಥ ಚರ್ಚಿಗೆ ಹೋಗುತ್ತಿತ್ತು ಅಂತ.

ಕುರಿಮರಿಯ ಲೆಕ್ಕ ನನಗೆ ತುಂಬಾ ಇಷ್ಟ. ರೈತನಿಗೆ ಆರೇ ಮರಿ ಹುಟ್ಟಿದರೆ ಮರಿ ಕೊಡಬೇಕಿಲ್ಲ, ಮರಿಗೆ ಅರ್ಧ ಪೆನ್ನಿಯಂತೆ ಕೊಟ್ಟರೆ ಸಾಕು. ಏಳು ಹುಟ್ಟಿದರೆ ಒಂದು ಮರಿ ಪಾದ್ರಿಗೆ. ಆದರೆ ಹತ್ತಕ್ಕೆ ಮೂರು ಕಡಿಮೆ ಅಲ್ವಾ? ಅದಕ್ಕೆ ಪಾದ್ರಿ ಮೂರು ಅರ್ಧ ಪೆನ್ನಿ ವಾಪಸ್ ಕೊಡಬೇಕು. ಅರ್ಧ ಪೆನ್ನಿಗೂ ಲೆಕ್ಕ ಇಟ್ಟು ಬದುಕಿದವರನ್ನು ದುರಾಸೆಯವರು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಬೈಬಲ್ಲನ್ನು ವೆಲ್ಷ್ ಭಾಷೆಗೆ ತಂದು 1588ರಲ್ಲಿ ಅಚ್ಚು ಹಾಕಿಸಿದ ವಿಲಿಯಂ ಮೋರ್ಗನ್ ಕೂಡ ಇಂಥ ಜಗಳದಿಂದ ತಪ್ಪಿಸಿಕೊಳ್ಳಲಿಲ್ಲ. ಅವರು ಬಿಷಪ್ ಆದ ಮೇಲೆ ಲಾನ್ರುಸ್ತ್ ಊರಿನ ದಶಾಂಶವನ್ನು ಗುತ್ತಿಗೆಗೆ ಕೊಡಿ, ಹಣ ಕಟ್ಟಿ ಪಾಲನ್ನು ನಾನೇ ವಸೂಲಿ ಮಾಡಿಕೊಳ್ಳುತ್ತೇನೆ ಅಂತ ಗ್ವಿಡಿರ್‌ನ ಜಮೀನ್ದಾರ ಸರ್ ಜಾನ್ ವಿನ್ ದುಂಬಾಲು ಬಿದ್ದ. ಹಳೇ ಸ್ನೇಹದ ಋಣವನ್ನೂ ಎತ್ತಿ ಆಡಿದ. ಮೋರ್ಗನ್ ಒಪ್ಪಲಿಲ್ಲ. ಇದು ಪಾದ್ರಿ-ಪಾದ್ರಿಯ ಜಗಳವಲ್ಲ, ಗೊತ್ತು. ಆದರೆ ಪಾದ್ರಿಗಳು ಪರಸ್ಪರ ಕಿತ್ತಾಡುವಷ್ಟು ಬಡವರಾದದ್ದು ಇಂಥ ಗುತ್ತಿಗೆಗಳಿಂದಲೂ ಹೌದು. 1721ರಲ್ಲಿ ಎರಾಸ್ಮಸ್ ಸಾಂಡರ್ಸ್ ಸೇಂಟ್ ಡೇವಿಡ್ಸ್ ಪ್ರಾಂತ್ಯದ ಸ್ಥಿತಿ ಬರೆದಿದ್ದಾರೆ. ಸೋರುವ, ಕುಸಿದ ಚರ್ಚುಗಳು. ಭಾನುವಾರ ಒಂದು ಚರ್ಚಿನಿಂದ ಇನ್ನೊಂದಕ್ಕೆ ಓಡುವ ಬಡ ಸಹಾಯಕ ಪಾದ್ರಿಗಳು. ದಯವಿಟ್ಟು ಅದನ್ನು ಓದಿ, ಆಮೇಲೆ ಇನ್ನೊಂದು ಪತ್ರ ಬರೆಯಿರಿ.

ನನ್ನ ಸಿಟ್ಟು ಇರುವುದು ದುಡಿಯದೆ ಪಾಲು ತಿಂದವರ ಮೇಲೆ. 1766ರಲ್ಲಿ ವೇಲ್ಸ್‌ನ ಆಂಗ್ಲೆಸಿ ದ್ವೀಪದ ಟ್ರೆವ್‌ಡ್ರೈತ್‌ಗೆ ಥಾಮಸ್ ಬೋಲ್ಸ್ ಎಂಬ ಮುದಿ ಪಾದ್ರಿಯನ್ನು ನೇಮಿಸಿದರು. ಅವರಿಗೆ ವೆಲ್ಷ್ ಬರುತ್ತಿರಲಿಲ್ಲ, ಜನರಲ್ಲಿ ಬಹುಪಾಲು ಮಂದಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಊರವರು ಲಂಡನ್ನಿನ ಚರ್ಚು ನ್ಯಾಯಾಲಯದ ತನಕ ಹೋದರು. 1773ರಲ್ಲಿ ತೀರ್ಪು ಬಂತು: ಅಂಥ ಊರಿನ ಪಾದ್ರಿಗೆ ವೆಲ್ಷ್ ಗೊತ್ತಿರಲೇಬೇಕು, ಆದರೆ ಈಗಾಗಲೇ ನೇಮಕವಾದವರನ್ನು ಕಿತ್ತುಹಾಕಲಾಗದು. ಅದೇ ವರ್ಷ ಬೋಲ್ಸ್ ತೀರಿಕೊಂಡರು. ಅಲ್ಲಿಯತನಕ ಊರಿನ ದಶಾಂಶ ಅವರಿಗೇ ಸಂದಿತು.