ಸಿರಪ್‌ನಲ್ಲಿ ಔಷಧವು ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡುವುದು ಹೇಗೆ?

ಪಾಲಿಮರ್ ಲೇಪಿಸಿದ ಔಷಧ ಕಣಗಳನ್ನು ಸಿರಪ್‌ನಲ್ಲಿಟ್ಟರೆ ಔಷಧವು ಬಾಟಲಿಯಲ್ಲೇ ಸೋರಿಹೋಗುವುದಿಲ್ಲವೇ ಎಂಬುದು ಹಾಸನದ ಫಾರ್ಮಸಿ ವಿದ್ಯಾರ್ಥಿಯೊಬ್ಬರ ಪ್ರಶ್ನೆ. ಸೋರುತ್ತದೆ; ಲೇಪನವನ್ನು ದಪ್ಪಗೊಳಿಸಿದ ಮಾತ್ರಕ್ಕೆ ಈ ತೊಡಕು ಬಗೆಹರಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಹೆಚ್ಚು ಭರವಸೆಯ ದಾರಿಯೆಂದರೆ, ಔಷಧವನ್ನು ಮೊದಲು ಅಯಾನು ವಿನಿಮಯ ರಾಳಕ್ಕೆ (ಒಂದು ಅಯಾನನ್ನು, ಅಂದರೆ ವಿದ್ಯುದಾವೇಶವುಳ್ಳ ಕಣವನ್ನು, ಬಿಟ್ಟುಕೊಟ್ಟು ಇನ್ನೊಂದನ್ನು ಹಿಡಿದುಕೊಳ್ಳುವ ವಸ್ತು) ಬಂಧಿಸಿ, ಆ ರಾಳದ ಕಣಗಳಿಗೆ ನೀರಿನಲ್ಲಿ ಕರಗದ ಪಾಲಿಮರ್ ಆದ ಈಥೈಲ್ ಸೆಲ್ಯುಲೋಸ್ ಲೇಪಿಸಿ, ಅಯಾನುಗಳು ತೀರಾ ಕಡಿಮೆಯಿರುವ ದ್ರವದಲ್ಲಿಡುವುದು: ಬಾಟಲಿಯಲ್ಲಿ ವಿನಿಮಯಕ್ಕೆ ಅಯಾನುಗಳೇ ಸಿಗದ ಕಾರಣ ಔಷಧವು ಬಹುಮಟ್ಟಿಗೆ ರಾಳದಲ್ಲೇ ಉಳಿದು, ಜಠರ ಮತ್ತು ಕರುಳಿನ ಸೋಡಿಯಂ, ಹೈಡ್ರೋಜನ್ ಅಯಾನುಗಳು ಒಳಹೊಕ್ಕಾಗ ನಿಧಾನವಾಗಿ ಹೊರಬರುತ್ತದೆ. 12 ಗಂಟೆ ಕೆಲಸ ಮಾಡುವ ಡೆಕ್ಸ್ಟ್ರೊಮೆಥಾರ್ಫನ್ ಕೆಮ್ಮಿನ ಔಷಧದ ಹಿಂದಿರುವುದು ರಾಳದ ಈ ತತ್ತ್ವವೇ. ಅಯಾನು ರೂಪ ತಾಳದ ಔಷಧಗಳಿಗೆ ಇದು ಒಗ್ಗದು. ಅವುಗಳನ್ನು ಒಣಪುಡಿಯಾಗಿ ಕೊಟ್ಟು, ಬಳಸುವಾಗ ನೀರು ಬೆರೆಸುವುದು ಲೇಸು. ಕಣಗಳು ಬೇಗ ತಳಕ್ಕಿಳಿಯದಂತೆ ದ್ರವವನ್ನು ಮಂದಗೊಳಿಸುವ ಕ್ಸಾಂಥನ್ ಗೋಂದು ಸೇರಿಸುತ್ತಾರೆ, ಆದರೂ ಬಾಟಲಿಯನ್ನು ಕುಲುಕಿಯೇ ಕುಡಿಯಬೇಕು.