ಜೀ ಕಾಂಗ್ ಯಾಕೆ ಕಬ್ಬಿಣ ಬಡಿಯುತ್ತಿದ್ದ

ನೀವು ಕೇಳಿದ್ದು ಇದು: ಹಳೇ ಚೀನಾದಲ್ಲಿ ದೊಡ್ಡ ದೊಡ್ಡ ವಿದ್ವಾಂಸರು ಅಧಿಕಾರ ಬೇಡ ಅಂತ ಬೆಟ್ಟ, ತೋಪು ಸೇರಿಕೊಂಡು, ಕುಡಿದು, ಕವಿತೆ ಕಟ್ಟಿಕೊಂಡು ಇದ್ದರಂತೆ. ಅದನ್ನು ಇವತ್ತಿಗೂ ಯಾಕೆ ಹೊಗಳುತ್ತಾರೆ? ಅದು ಹೊಣೆಗೇಡಿತನ ಅಲ್ವಾ?

ನಾನೂ ಮೊದಲು ಹೀಗೇ ಅಂದುಕೊಂಡಿದ್ದೆ. ಕೆಲಸದ ಮೇಲೆ ಎರಡು ವರ್ಷ ನಾನ್‌ಜಿಂಗ್‌ನಲ್ಲಿದ್ದೆ. ಒಂದು ಭಾನುವಾರ ಜೋರು ಮಳೆ. ಎಲ್ಲೂ ಹೋಗೋಕೆ ಆಗದೆ ಅಲ್ಲಿನ ಮ್ಯೂಸಿಯಂ ಒಳಗೆ ಹೊಕ್ಕೆ. ಒಳಗೊಂದು ಇಟ್ಟಿಗೆ ಗೋಡೆಯ ಚಿತ್ರ ಇತ್ತು. 1960ರಲ್ಲಿ ಊರಾಚೆ ಶೀಶಾನ್‌ಚಿಯಾವೊ ಅನ್ನುವಲ್ಲಿ ಒಂದು ಹಳೇ ಸಮಾಧಿ ಅಗೆದಾಗ ಸಿಕ್ಕಿದ್ದು. ಒಂದೊಂದು ಇಟ್ಟಿಗೆಯಲ್ಲೂ ಚಿತ್ರದ ಒಂದೊಂದು ಚೂರು, ಎಲ್ಲ ಜೋಡಿಸಿದರೆ ಎರಡು ಗೋಡೆಗಳ ಮೇಲೆ ನಾಲ್ಕು ನಾಲ್ಕು ಜನ. ಮರಗಳ ನಡುವೆ ನೆಲದ ಮೇಲೆ ಕೂತಿದ್ದಾರೆ. ಬಟ್ಟೆ ಭುಜದಿಂದ ಜಾರಿದೆ. ಕಾಲಿಗೆ ಚಪ್ಪಲಿ ಇಲ್ಲ. ಒಬ್ಬ ತಂತಿವಾದ್ಯ ನುಡಿಸುತ್ತಾ ಮುಖ ಎತ್ತಿ ಎಲ್ಲೋ ದೂರ ನೋಡುತ್ತಿದ್ದಾನೆ. ಒಬ್ಬ ಬಾಯಿಯ ಹತ್ತಿರ ಕೈ ತಂದು ಸಿಳ್ಳೆ ಹಾಕುತ್ತಿದ್ದಾನೆ. ಒಬ್ಬನಿಗೆ ಕೈಯಲ್ಲಿರುವ ಬಟ್ಟಲು ಬಿಟ್ಟು ಬೇರೇನೂ ಬೇಡ. ಇನ್ನೊಬ್ಬ ಮರಕ್ಕೆ ಒರಗಿ ಕಣ್ಣು ಮುಚ್ಚಿದ್ದಾನೆ.

ಇವರಲ್ಲಿ ಏಳು ಜನರನ್ನು 'ಬಿದಿರು ತೋಪಿನ ಏಳು ಜಾಣರು' ಅಂತ ಚೀನಾದಲ್ಲಿ ಶಾಲೆ ಮಕ್ಕಳಿಂದ ಹಿಡಿದು ಎಲ್ಲರೂ ಬಲ್ಲರು. ಎಂಟನೆಯವನು ಅವರಿಗಿಂತ ತುಂಬಾ ಹಳಬ, ಕನ್ಫ್ಯೂಷಿಯಸ್ ಕಾಲದವನು. ಆ ಗೋಡೆಯ ಮುಂದೆ ನಿಂತು, ಎಂಥ ನೆಮ್ಮದಿಯ ಜನ ಅಂತ ನನಗೆ ಅನಿಸಿತ್ತು. ಮನೆಗೆ ಬಂದು ಅವರ ಬಗ್ಗೆ ಓದೋಕೆ ಶುರು ಮಾಡಿದ ಮೇಲೆ ಆ ಚಿತ್ರ ನನಗೆ ಬೇರೆಯಾಗಿಯೇ ಕಾಣೋಕೆ ಶುರುವಾಯಿತು.

ಕಾಲ 3ನೇ ಶತಮಾನ. 220ರಲ್ಲಿ ಹಾನ್ ರಾಜವಂಶ ಮುಗಿದು ಚೀನಾ ಮೂರು ಹೋಳಾಗಿತ್ತು. ಉತ್ತರದ ವೇ ರಾಜ್ಯದಲ್ಲಿ ಸಿಂಹಾಸನ ತ್ಸಾವೊ ಮನೆತನದ್ದು. 249ರಲ್ಲಿ ಹಿರಿಯ ಸೇನಾಪತಿ ಸಿಮಾ ಯೀ ದಂಗೆ ಎದ್ದು ಅಧಿಕಾರ ಕಸಿದುಕೊಂಡ. ಎದುರಾಳಿಗಳನ್ನಷ್ಟೇ ಅಲ್ಲ, ಅವರ ಮನೆಮಂದಿ, ನೆಂಟರು ಎಲ್ಲರನ್ನೂ ಮುಗಿಸಿದ. ರಾಜ ಬರೀ ಹೆಸರಿಗೆ ಉಳಿದ. 260ರಲ್ಲಿ ಹರೆಯದ ರಾಜ ತ್ಸಾವೊ ಮಾವೊ ಇದನ್ನು ತಾಳಲಾರದೆ ತಾನೇ ಕತ್ತಿ ಹಿಡಿದು ಸಿಮಾಗಳ ಮೇಲೆ ಹೊರಟ. ರಾಜಧಾನಿ ಲುವೊಯಾಂಗ್‌ನಲ್ಲೇ ಅವನನ್ನು ತಿವಿದು ಕೊಂದರು.

ಇನ್ನೂ ಒಂದು ವಿಷಯ ಗೊತ್ತಿರಬೇಕು. ಚೀನಾದಲ್ಲಿ ಓದಿದವನು ಅಂದರೆ ಸರ್ಕಾರದಲ್ಲಿ ಹುದ್ದೆ ಹಿಡಿಯಬೇಕಾದವನು. ಓದಿದ್ದೇ ಅದಕ್ಕೆ. ಆದರೆ ಅದೇ ಕನ್ಫ್ಯೂಷಿಯಸ್ ಹೇಳಿದ ಇನ್ನೊಂದು ಮಾತೂ ಎಲ್ಲರಿಗೂ ಬಾಯಿಪಾಠ: ನಾಡು ಸರಿದಾರಿಯಲ್ಲಿದ್ದರೆ ಮುಂದೆ ಬಾ, ದಾರಿ ತಪ್ಪಿದ್ದರೆ ಮರೆಯಾಗು. ಇದರ ಅರ್ಥ ಏನಾಯಿತು ನೋಡಿ. ಹೆಸರಾಂತ ವಿದ್ವಾಂಸನೊಬ್ಬ ಹುದ್ದೆ ಬೇಡ ಅಂತ ಮನೆಯಲ್ಲಿ ಕೂತರೆ, ಬಾಯಿ ಬಿಡದೇ 'ಈ ಆಳ್ವಿಕೆ ಸರಿಯಿಲ್ಲ' ಅಂತ ಊರಿಗೆಲ್ಲ ಸಾರಿದ ಹಾಗೆ. ಆಳುವವನಿಗೂ ಇದು ಚೆನ್ನಾಗಿ ಗೊತ್ತು. ಅದಕ್ಕೇ ಸಿಮಾ ಮನೆತನಕ್ಕೆ ಇಂಥವರೆಲ್ಲ ದರ್ಬಾರಿಗೆ ಬಂದು ನಿಲ್ಲಲೇಬೇಕಿತ್ತು. ಕಳ್ಳತನದಿಂದ ಬಂದ ಅಧಿಕಾರಕ್ಕೆ ಒಳ್ಳೆಯವರ ಸಹಿ ಬೇಕಾಗುತ್ತದೆ.

ಹೂಂ ಅಂದರೆ ಮನಸ್ಸು ಸಾಯುತ್ತದೆ, ಉಹೂಂ ಅಂದರೆ ತಲೆ ಹೋಗುತ್ತದೆ. ಈ ಇಕ್ಕಟ್ಟಿನಲ್ಲಿ ಆ ಏಳು ಜಾಣರಲ್ಲಿ ಒಬ್ಬೊಬ್ಬರು ಒಂದೊಂದು ದಾರಿ ಹುಡುಕಿಕೊಂಡರು.

ರುವಾನ್ ಜೀ ಹುಡುಕಿಕೊಂಡಿದ್ದು ಹೆಂಡದ ದಾರಿ. ಸಿಮಾ ಯೀಯ ಮಗ ಸಿಮಾ ಜಾವೊ ಆಗ ರಾಜ್ಯದ ಯಜಮಾನ. ಅವನು ತನ್ನ ಮಗನಿಗೆ ರುವಾನ್ ಜೀಯ ಮಗಳನ್ನು ಕೇಳಿ ಕಳಿಸಿದ. ಕೊಡಲ್ಲ ಅಂದರೆ ಉಳಿಗಾಲವಿಲ್ಲ. ರುವಾನ್ ಜೀ 60 ದಿನ ಒಂದೇ ಸಮ ಕುಡಿದು ಬಿದ್ದಿದ್ದ. ಮಾತು ತೆಗೆಯೋಕೆ ಒಂದು ಗಳಿಗೆಯೂ ಸಿಗದೆ ಸಂಬಂಧ ಕೇಳಲು ಬಂದವರು ವಾಪಸ್ ಹೋದರು. ಜೊಂಗ್ ಹುಯಿ ಅಂತ ಒಬ್ಬ ಸಿಮಾಗಳ ಆಪ್ತ ಇದ್ದ, ತುಂಬಾ ಬುದ್ಧಿವಂತ. ರಾಜಕೀಯದ ಬಗ್ಗೆ ಅಭಿಪ್ರಾಯ ಕೇಳುವ ನೆಪದಲ್ಲಿ ಮತ್ತೆ ಮತ್ತೆ ಬರುತ್ತಿದ್ದ. ಒಂದು ಮಾತು ಜಾರಿದರೆ ಸಾಕು, ಹಿಡಿದು ಹಾಕಬಹುದು. ಪ್ರತಿ ಸಲವೂ ರುವಾನ್ ಜೀ ಅಮಲಿನಲ್ಲಿ.

ಅವನ ಕಣ್ಣಿನ ಕತೆ ಇದೆ. ಹಿಡಿಸದವರು ಬಂದರೆ ಬರೀ ಬಿಳಿಗುಡ್ಡೆ ತೋರಿಸುತ್ತಿದ್ದ, ಮೆಚ್ಚಿದವರು ಬಂದರೆ ಕಪ್ಪು ಪಾಪೆ. ಅವನ ತಾಯಿ ತೀರಿಕೊಂಡಾಗ ಒಬ್ಬ ಮರ್ಯಾದಸ್ಥ ಮಾತಾಡಿಸೋಕೆ ಬಂದ. ಅವನಿಗೆ ಬಿಳಿಗಣ್ಣು. ಆ ಮರ್ಯಾದಸ್ಥನ ತಮ್ಮ ಜೀ ಕಾಂಗ್ ಹೆಂಡ, ವಾದ್ಯ ಎರಡೂ ಹೊತ್ತು ಬಂದ. ಅವನಿಗೆ ಕಪ್ಪುಗಣ್ಣು. ಇವತ್ತಿಗೂ ಚೀನೀ ಭಾಷೆಯಲ್ಲಿ ಮೆಚ್ಚುಗೆಗೆ 'ಚಿಂಗ್‌ಲೈ' ಅನ್ನುವ ಮಾತಿದೆ, ಅದು ಬಂದಿದ್ದು ಇಲ್ಲಿಂದಲೇ. ಅದೇ ಸಾವಿನ ಸೂತಕದಲ್ಲಿ ರುವಾನ್ ಜೀ ಮಾಂಸ ತಿಂದ, ಹೆಂಡ ಕುಡಿದ ಅಂತ ಊರೆಲ್ಲ ಛೀ ಅಂದಿತು. ಆಮೇಲೆ ತಾಯಿಯನ್ನು ಮಣ್ಣು ಮಾಡುವ ಹೊತ್ತಿಗೆ ಒಂದೇ ಒಂದು ಸಲ ಕೂಗಿ, ರಕ್ತ ಕಾರಿದ. ಸುಮ್ನೆ ಒಂದೊಂದು ದಿನ ಗಾಡಿ ಹೂಡಿಕೊಂಡು ಗೊತ್ತುಗುರಿ ಇಲ್ಲದೆ ಹೊರಡುತ್ತಿದ್ದ. ದಾರಿ ಮುಗಿದಲ್ಲಿ ಇಳಿದು, ಜೋರಾಗಿ ಅತ್ತು, ಗಾಡಿ ತಿರುಗಿಸಿಕೊಂಡು ಬರುತ್ತಿದ್ದ.

ಇಂಥವನನ್ನು ಸ್ವಚ್ಛಂದದ ಮನುಷ್ಯ ಅಂತ ಚಿತ್ರ ಬರೆದುಬಿಟ್ಟರೆ ಸಾಕೇ? ನನಗಂತೂ ಹಾಗೆ ಓದಲು ಆಗುವುದಿಲ್ಲ. ಅವನು ಬರೆದ 82 ಕವಿತೆಗಳ ಮಾಲೆಯಲ್ಲಿ ತನ್ನ ಕಾಲದ ಯಾರ ಹೆಸರೂ ಇಲ್ಲ, ಯಾವ ಘಟನೆಯೂ ನೇರವಾಗಿ ಇಲ್ಲ. ಮೊದಲ ಕವಿತೆಯಲ್ಲಿ ನಡುರಾತ್ರಿ ನಿದ್ದೆ ಬಾರದೆ ಎದ್ದು ಕೂತು ವಾದ್ಯ ನುಡಿಸುತ್ತಾನೆ, ಅಷ್ಟೇ. ಕೊನೆಗೆ 263ರಲ್ಲಿ, ಸಿಮಾ ಜಾವೊ ದೊಡ್ಡ ಬಿರುದು ಒಪ್ಪಿಕೊಳ್ಳಲಿ ಅಂತ ಬೇಡುವ ಓಲೆಯನ್ನು ಅವನ ಕೈಯಿಂದಲೇ ಬರೆಸಿದರು. ಆ ಸಲ ಅಮಲು ಕಾಪಾಡಲಿಲ್ಲ. ಅದೇ ವರ್ಷ ತೀರಿಕೊಂಡ.

ಜೀ ಕಾಂಗ್ ಬೇರೆ ಥರ. ಅವನಿಗೆ ಮರೆಮಾಚುವುದು ಬರುತ್ತಿರಲಿಲ್ಲ. ಆಳು ಎತ್ತರ, ನೋಡೋಕೆ ಚಂದ, ಸಂಗೀತದಲ್ಲಿ ಎತ್ತಿದ ಕೈ. ಹೆಂಡತಿ ತ್ಸಾವೊ ಮನೆತನದವಳು, ಅಂದರೆ ಸಿಮಾಗಳ ಕಣ್ಣಿಗೆ ಮೊದಲೇ ಅನುಮಾನದ ಮನೆ. ಅವನಿಗೆ ಕಮ್ಮಾರಿಕೆ ಇಷ್ಟ. ಇವತ್ತಿನ ಹನಾನ್ ಪ್ರಾಂತ್ಯದ ಶಾನ್‌ಯಾಂಗ್‌ನಲ್ಲಿ ಅವನ ಮನೆ. ದೊಡ್ಡ ವಿಲೋ ಮರದ ನೆರಳಿನಲ್ಲಿ ಕುಲುಮೆ. ಜೀ ಕಾಂಗ್ ಸುತ್ತಿಗೆ ಬಡಿಯುತ್ತಾನೆ, ಗೆಳೆಯ ಶಿಯಾಂಗ್ ಶಿಯು ತಿದಿ ಒತ್ತುತ್ತಾನೆ.

ಒಂದು ದಿನ ಅದೇ ಜೊಂಗ್ ಹುಯಿ ದಂಡು ಕಟ್ಟಿಕೊಂಡು ಅಲ್ಲಿಗೇ ಬಂದ. ಜೀ ಕಾಂಗ್ ತಲೆ ಎತ್ತಲಿಲ್ಲ. ಸುತ್ತಿಗೆಯ ಸದ್ದು ನಿಲ್ಲಲಿಲ್ಲ. ಬಂದವರು ಎಷ್ಟು ಹೊತ್ತು ನಿಂತಾರು? ಹೊರಟರು. ಆಗ ಜೀ ಕಾಂಗ್ ಕೇಳಿದ: "ಏನು ಕೇಳಿ ಬಂದೆ, ಏನು ನೋಡಿ ಹೊರಟೆ?" ಜೊಂಗ್ ಹುಯಿ ಹೇಳಿದ: "ಕೇಳಿದ್ದನ್ನು ಕೇಳಿ ಬಂದೆ, ನೋಡಿದ್ದನ್ನು ನೋಡಿ ಹೊರಟೆ." ಈ ಉತ್ತರದಲ್ಲಿರುವ ತಣ್ಣನೆ ವಿಷ ನೋಡಿ.

ಅಷ್ಟರಲ್ಲಿ ಗೆಳೆಯ ಶಾನ್ ತಾವೊ ಸರ್ಕಾರದ ಕೆಲಸ ಒಪ್ಪಿಕೊಂಡಿದ್ದ. ಬಡ್ತಿ ಬಂದಾಗ ತನ್ನ ಜಾಗಕ್ಕೆ ಜೀ ಕಾಂಗ್ ಹೆಸರು ಸೂಚಿಸಿದ. ಬಹುಶಃ ಕಾಪಾಡೋಕೇ ಇರಬೇಕು. ಜೀ ಕಾಂಗ್ ಒಂದು ಉದ್ದನೆ ಪತ್ರ ಬರೆದು ಗೆಳೆತನವನ್ನೇ ಕಡಿದುಕೊಂಡ. ಆ ಪತ್ರ ಚೀನೀ ಗದ್ಯದ ದೊಡ್ಡ ತುಣುಕುಗಳಲ್ಲಿ ಒಂದು. ಹುದ್ದೆಗೆ ತಾನು ಯಾಕೆ ಆಗಿಬರಲ್ಲ ಅಂತ ಒಂದೊಂದೇ ಹೇಳುತ್ತಾನೆ. ಬೆಳಿಗ್ಗೆ ನನಗೆ ಏಳೋಕಾಗಲ್ಲ, ಬಾಗಿಲಲ್ಲಿ ಕೂಗಿ ಎಬ್ಬಿಸಿದರೆ ಹೇಗೆ? ಹಾಡಿಕೊಂಡು ತಿರುಗೋದು, ಮೀನು ಹಿಡಿಯೋದು ನನಗಿಷ್ಟ, ಹಿಂದೆ ಸಿಪಾಯಿ ಕಾದರೆ ಎಲ್ಲಿ ಆಗುತ್ತೆ? ಮೈಯಲ್ಲಿ ಹೇನು, ಕೆರೆದುಕೊಳ್ಳುತ್ತಲೇ ಇರಬೇಕು, ಗತ್ತಿನ ಅಂಗಿ ತೊಟ್ಟು ಮೇಲಧಿಕಾರಿಗೆ ಬಗ್ಗಿ ನಮಸ್ಕಾರ ಹಾಕೋದು ಹೇಗೆ? ಇಂಥ ಏಳು 'ತಾಳಲಾರೆ'ಗಳು. ಆಮೇಲೆ ಎರಡು 'ಸಲ್ಲದು'ಗಳು. ಪುರಾತನ ಆದರ್ಶ ರಾಜರನ್ನೇ ನಾನು ಟೀಕಿಸುತ್ತೇನೆ, ಕೆಟ್ಟದ್ದನ್ನು ಕಂಡರೆ ಬಾಯಿ ತಡೆಯಲ್ಲ. ಹೇನಿನಿಂದ ಶುರುವಾದ ಪತ್ರ ನೆಟ್ಟಗೆ ಸಿಂಹಾಸನದ ಬುಡಕ್ಕೇ ಹೋಗಿ ನಿಲ್ಲುತ್ತದೆ.

ಸಿಮಾ ಜಾವೊಗೆ ಅದು ನಾಟಿತು. ಬೇಗನೆ ನೆಪವೂ ಸಿಕ್ಕಿತು. ಲ್ಯು ಆನ್ ಎಂಬ ಗೆಳೆಯನ ಹೆಂಡತಿಯನ್ನು ಅವನ ಅಣ್ಣನೇ ಕೆಡಿಸಿ, ಮೇಲಿಂದ ಲ್ಯು ಆನ್ ತಾಯಿಗೆ ಹೊಡೆದ ಅಂತ ದೂರು ಕೊಟ್ಟ. ಜೀ ಕಾಂಗ್ ಗೆಳೆಯನ ಪರ ಸಾಕ್ಷಿಗೆ ನಿಂತ. ಅವನನ್ನೂ ಒಳಗೆ ಹಾಕಿದರು. ಇವನು ಮಲಗಿರುವ ಡ್ರ್ಯಾಗನ್, ಏಳೋಕೆ ಬಿಡಬೇಡಿ ಅಂತ ಜೊಂಗ್ ಹುಯಿ ಸಿಮಾ ಜಾವೊನ ಕಿವಿ ಕಚ್ಚಿದ. ರಾಜಧಾನಿಯ ವಿದ್ಯಾಪೀಠದ 3000 ವಿದ್ಯಾರ್ಥಿಗಳು, ಅವನನ್ನು ನಮಗೆ ಗುರುವಾಗಿ ಕೊಡಿ ಅಂತ ಬೇಡಿಕೊಂಡರು. ಕೇಳಲಿಲ್ಲ.

ಸುಮಾರು 262ರಲ್ಲಿ, ಲುವೊಯಾಂಗ್‌ನ ಪೂರ್ವದ ಸಂತೆಯಲ್ಲಿ ತಲೆ ಕಡಿಯೋಕೆ ಕರೆತಂದರು. ಜೀ ಕಾಂಗ್ ತನ್ನ ನೆರಳು ನೋಡಿ ಇನ್ನೆಷ್ಟು ಹೊತ್ತಿದೆ ಅಂತ ಅಂದಾಜು ಮಾಡಿದ. ವಾದ್ಯ ಕೇಳಿ ತೆಗೆದುಕೊಂಡು 'ಗ್ವಾಂಗ್‌ಲಿಂಗ್ ಸಾನ್' ನುಡಿಸಿದ. ಮುಗಿಸಿ, ಈ ರಾಗ ಇವತ್ತಿಗೆ ಕೊನೆ ಅಂದ. ಅವನಿಗೆ ನಲವತ್ತರ ಆಸುಪಾಸು. ಅದೇ ಹೆಸರಿನ ರಾಗ 1425ರ ಒಂದು ಸಂಗೀತದ ಪುಸ್ತಕದಲ್ಲಿ ಉಳಿದಿದೆ. ಅದನ್ನು ನೋಡಿ 1950ರ ದಶಕದಲ್ಲಿ ಗ್ವಾನ್ ಪಿಂಗ್‌ಹು ಅನ್ನುವ ವಾದಕ ಮತ್ತೆ ನುಡಿಸಿದರು. ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಇದೆ. ರಾತ್ರಿ, ಒಬ್ಬರೇ ಇರುವಾಗ ಕೇಳಿ. ತೋಪಿನ ನೆಮ್ಮದಿಯ ಸಂಗೀತ ಅಲ್ಲ ಅದು. ನಡುವೆ ಒಂದು ಕಡೆ ತಂತಿಗಳು ಈಟಿ ಕತ್ತಿ ತಾಗಿದ ಹಾಗೆ ಸದ್ದು ಮಾಡುತ್ತವೆ.

ಸಾಯುವ ಮೊದಲು ಹತ್ತು ವರ್ಷದ ಮಗನಿಗೆ ಅವನು ಹೇಳಿದ್ದು: "ಶಾನ್ ತಾವೊ ಇರುವಾಗ ನೀನು ತಬ್ಬಲಿ ಅಲ್ಲ." ಗೆಳೆತನ ಕಡಿದುಕೊಂಡೆ ಅಂತ ಊರಿಗೇ ಗೊತ್ತಾಗುವಂತೆ ಬರೆದಿದ್ದನಲ್ಲ, ಆ ಶಾನ್ ತಾವೊ! ಇಲ್ಲಿಗೆ ಬಂದಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. ಶಾನ್ ತಾವೊ ಮುಂದೆ ಆ ಹುಡುಗನಿಗೆ ದಾರಿ ಮಾಡಿಕೊಟ್ಟ ಕೂಡ.

ಹೊಣೆಗೇಡಿತನ ಅಂದಿರಲ್ಲ, ಅದಕ್ಕೆ ಕವಿ ತಾವೊ ಯುವಾನ್‌ಮಿಂಗ್‌ನ ಮಾತು ಹೇಳಬೇಕು. ಅವನು ಇವರಿಗಿಂತ ಒಂದೂವರೆ ಶತಮಾನ ಈಚಿನವನು. 405ರಲ್ಲಿ ಪಂಗ್‌ಜೆ ಎಂಬ ಊರಿಗೆ ಅಧಿಕಾರಿಯಾಗಿದ್ದು ಎಂಬತ್ತು ಚಿಲ್ಲರೆ ದಿನ. ಮೇಲಿನಿಂದ ತಪಾಸಣೆಗೆ ಒಬ್ಬ ಬಂದಾಗ, ಐದು ಅಳತೆ ಅಕ್ಕಿಗೋಸ್ಕರ ನಾನು ಸೊಂಟ ಬಗ್ಗಿಸಲ್ಲ ಅಂತ ಬಿಟ್ಟು ಬಂದ. ಲುಶಾನ್ ಬೆಟ್ಟದ ಬುಡದಲ್ಲಿ ಹೊಲ ಮಾಡಿದ. ಹೊಲದಲ್ಲಿ ಅವರೆಗಿಂತ ಕಳೆಯೇ ಜಾಸ್ತಿ ಅಂತ ಅವನೇ ಬರೆದಿದ್ದಾನೆ. ಬೆಳಕು ಹರಿಯುತ್ತಲೇ ಕಳೆ ಕೀಳೋಕೆ ಹೋಗಿ ಬೆಳದಿಂಗಳಲ್ಲಿ ಗುದ್ದಲಿ ಹೊತ್ತು ಬರುತ್ತಿದ್ದ. ಮನೆ ಸುಟ್ಟುಹೋಯಿತು. ಹಸಿವು ತಾಳದೆ ಯಾರದೋ ಬಾಗಿಲು ತಟ್ಟಿದ್ದರ ಮೇಲೂ ಕವಿತೆ ಇದೆ. ಐದು ಜನ ಗಂಡುಮಕ್ಕಳಿಗೆ ಬರೆದ ಓಲೆಯಲ್ಲಿ, ನನ್ನ ಸ್ವಭಾವದಿಂದಾಗಿ ನೀವು ಚಿಕ್ಕಂದಿನಿಂದ ಹಸಿವು, ಚಳಿ ಕಂಡಿರಿ ಅಂತ ಒಪ್ಪಿಕೊಳ್ಳುತ್ತಾನೆ. ಅವನಿಗೆ ಅದರ ಬೆಲೆ ಗೊತ್ತಿತ್ತು, ಅದನ್ನು ಯಾರು ತೆರುತ್ತಿದ್ದಾರೆ ಅನ್ನುವುದೂ ಗೊತ್ತಿತ್ತು. ನಿಮ್ಮ ಪ್ರಶ್ನೆ ಅವನೇ ತನಗೆ ಕೇಳಿಕೊಂಡಿದ್ದ ಪ್ರಶ್ನೆ.

ಢೋಂಗಿಗಳೂ ಇದ್ದರು ಅನ್ನಿ. ಆಮೇಲೆ ಬಂದ ತಾಂಗ್ ರಾಜವಂಶದ ಕಾಲದಲ್ಲಿ ಲು ತ್ಸಾಂಗ್‌ಯೊಂಗ್ ಅನ್ನುವವನು ರಾಜಧಾನಿಯ ಪಕ್ಕದ ಜೊಂಗ್‌ನಾನ್ ಬೆಟ್ಟದಲ್ಲಿ ಏಕಾಂತವಾಸ ಮಾಡಿ, ಅದರಿಂದ ಬಂದ ಹೆಸರಿನಿಂದಲೇ ಹುದ್ದೆ ಹಿಡಿದ. 'ಜೊಂಗ್‌ನಾನ್ ಒಳದಾರಿ' ಅನ್ನುವ ಗಾದೆಮಾತು ಹುಟ್ಟಿದ್ದು ಅವನಿಂದ. ಅವನಂಥವರ ಬಗ್ಗೆ ನೀವು ಏನಂದರೂ ನನ್ನ ತಕರಾರಿಲ್ಲ.

ಇನ್ನು ಆ ಗೋಡೆಯಲ್ಲಿ ಮರಕ್ಕೆ ಒರಗಿ ಕಣ್ಣು ಮುಚ್ಚಿದವನು. ಅವನು ಶಿಯಾಂಗ್ ಶಿಯು, ತಿದಿ ಒತ್ತುತ್ತಿದ್ದವನು. ಜೀ ಕಾಂಗ್ ಸತ್ತ ಮೇಲೆ ಅವನು ಹುದ್ದೆ ಹಿಡಿಯೋಕೆ ಲುವೊಯಾಂಗ್‌ಗೆ ಹೋದ. ಸಿಮಾ ಜಾವೊ ಚುಚ್ಚಿ ಕೇಳಿದ: ಬೆಟ್ಟ ಸೇರುವ ಮನಸ್ಸು ನಿನ್ನದು ಅಂತ ಕೇಳಿದ್ದೆ, ಇಲ್ಲಿಗೆ ಯಾಕೆ ಬಂದೆ? ಹಿಂದಿನ ಏಕಾಂತವಾಸಿಗಳು ಸಣ್ಣ ಮನಸ್ಸಿನವರು, ಅವರನ್ನು ಮೆಚ್ಚುವಂಥದ್ದೇನಿಲ್ಲ ಅಂದ ಶಿಯಾಂಗ್ ಶಿಯು. ಜೀವ ಉಳಿಯಿತು. ವಾಪಸ್ ಬರುವಾಗ ದೋಣಿಯಲ್ಲಿ ಹಳದಿ ನದಿ ದಾಟಿ ಶಾನ್‌ಯಾಂಗ್‌ನ ಆ ಹಳೇ ಮನೆ ಮುಂದೆ ಹಾದು ಹೋದ. ಸಂಜೆ, ಮಂಜುಗಟ್ಟಿದ ಚಳಿ. ಪಕ್ಕದ ಮನೆಯಲ್ಲಿ ಯಾರೋ ಕೊಳಲು ಊದುತ್ತಿದ್ದರು. ಮನೆ ಹಾಗೇ ನಿಂತಿದೆ, ಇದ್ದವರು ಎಲ್ಲಿ ಹೋದರು ಅಂತ ಒಂದು ಪುಟ್ಟ ರಚನೆ ಬರೆದ. ಕೊಂದವರ ಹೆಸರಿಲ್ಲ. ಕೆಲವೇ ಸಾಲು.

20ನೇ ಶತಮಾನದ ದೊಡ್ಡ ಚೀನೀ ಲೇಖಕ ಲು ಶುನ್ ಅವರು ವರ್ಷಗಟ್ಟಲೆ ಕೂತು ಜೀ ಕಾಂಗ್‌ನ ಬರಹಗಳನ್ನು ಒಪ್ಪ ಮಾಡಿದವರು. ಹರೆಯದಲ್ಲಿ ಶಿಯಾಂಗ್ ಶಿಯುವಿನ ಈ ರಚನೆ ಓದಿದಾಗ, ಶುರುವಾಗುತ್ತಲೇ ಯಾಕೆ ಮುಗಿದುಹೋಗುತ್ತದೆ ಅಂತ ಅರ್ಥವಾಗಿರಲಿಲ್ಲ, ಈಗ ಅರ್ಥವಾಯಿತು ಅಂತ 1933ರಲ್ಲಿ ಬರೆದರು. ಅದಕ್ಕೆ ಎರಡು ವರ್ಷ ಮೊದಲು, ಶಾಂಘೈನಲ್ಲಿ ಐದು ಜನ ಯುವ ಲೇಖಕರನ್ನು ಗುಂಡಿಟ್ಟು ಕೊಂದಿದ್ದರು. ಅವರಲ್ಲಿ ಲು ಶುನ್ ಅವರ ಗೆಳೆಯರೂ ಇದ್ದರು.