ನಮ್ಮ ಲ್ಯಾಬ್ರಡಾರ್‌ಗೆ ಎರಡು ತಿಂಗಳಿಗೊಮ್ಮೆ ಕಿವಿ ಸೋರುತ್ತದೆ. ಡ್ರಾಪ್ಸ್ ಹಾಕಿದರೆ ಹೋಗಿ ಮತ್ತೆ ಬರುತ್ತದೆ. ಏನು ಮಾಡಲಿ?

ನೀವು ವಿಜಯಪುರದವರು, ನಾಯಿಗೆ ಮೂರು ವರ್ಷ, ಹೋದ ಸಲ ಉಳಿದ ಡ್ರಾಪ್ಸನ್ನೇ ಪ್ರತಿ ಸಲ ಹಾಕುತ್ತೇವೆ ಎಂದು ಬರೆದಿದ್ದೀರಿ. ಮೊದಲು ಆ ಬಾಟಲಿ ಬಿಸಾಕಿ. ನಾನು ಡಾಕ್ಟರ್ ಅಲ್ಲ. ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ, ಮನೆಯಲ್ಲಿ ಬಂಟಿ ಅಂತ ಒಬ್ಬ ಲ್ಯಾಬ್ರಡಾರ್. ಅವನ ಕಿವಿಯ ಹಿಂದೆ ಎರಡು ವರ್ಷ ಅಲೆದಿದ್ದೇನೆ. ನಮ್ಮ ಕಪಾಟಿನಲ್ಲೂ ಅಂಥದ್ದೇ ಒಂದು ಅರ್ಧ ಬಾಟಲಿ ಇತ್ತು.

ಬೆಳಗಾವಿಯ ಮಳೆ ನಿಮಗೆ ಗೊತ್ತಲ್ಲ. ಜೂನ್‌ನಲ್ಲಿ ಹಿಡಿದರೆ ಬಿಡುವುದೇ ಇಲ್ಲ, ಒಣಗಲು ಹಾಕಿದ ಬಟ್ಟೆಯೂ ಮುಗ್ಗುತ್ತದೆ. ಹಾಗಾಗಿ ಬಂಟಿಯ ಕಿವಿ ವಾಸನೆ ಬಂದಾಗಲೆಲ್ಲ ಮಳೆಗೆ ಬೈದು ಡ್ರಾಪ್ಸ್ ಹಾಕಿದೆ. ನಮ್ಮ ಅತ್ತೆಯವರು, "ಬೆಳ್ಳೊಳ್ಳಿ ಹಾಕಿ ಕುಸುಬಿ ಎಣ್ಣಿ ಕಾಸಿ ಬಿಡ್ರಿ, ಕಮ್ಮಿ ಆಗತೈತಿ" ಎಂದರು. ಬಿಟ್ಟೆ. ನಾಯಿಯ ಕಿವಿಗೆ ಒಗ್ಗರಣೆ ಹಾಕಿದಂತಾಯಿತು, ಅಷ್ಟೇ. ಅವನು ರಾತ್ರಿಯೆಲ್ಲ ತಲೆ ಒದರಿ ಒದರಿ, ಕಿವಿಯ ಹಾಳೆಯೊಳಗೆ ರಕ್ತನಾಳ ಒಡೆದು, ಬೆಳಿಗ್ಗೆ ಕಿವಿ ಪೂರಿಯಂತೆ ಉಬ್ಬಿತ್ತು. ರಕ್ತ ತೆಗೆಸಿ ಹೊಲಿಗೆ ಹಾಕಿಸಬೇಕಾಯಿತು. ಆ ವರ್ಷ ಜನವರಿಯಲ್ಲಿ, ಒಂದು ಹನಿ ಮಳೆ ಇಲ್ಲದಾಗ, ಕಿವಿ ಮತ್ತೆ ಸೋರಿತು. ಬೈಯಲು ಮಳೆಯೂ ಇರಲಿಲ್ಲ.

ಆಗ ಹೋದ ಡಾಕ್ಟರ್ ಮಾಡಿದ ಒಂದು ಕೆಲಸವನ್ನು ಅದಕ್ಕೂ ಮೊದಲು ಯಾರೂ ಮಾಡಿರಲಿಲ್ಲ. ಕಿವಿಯ ಕೊಳೆಯನ್ನು ಹತ್ತಿಯಲ್ಲಿ ತೆಗೆದು, ಗಾಜಿಗೆ ಬಳಿದು, ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರು. ಕೆಲವು ನಿಮಿಷದ ಕೆಲಸ. ನೀವೂ ಇದನ್ನು ಬಾಯಿ ಬಿಟ್ಟು ಕೇಳಿ. ಒಳಗೆ ಇರುವುದು ಯೀಸ್ಟೋ, ಬ್ಯಾಕ್ಟೀರಿಯಾವೋ, ಎರಡೂನೋ ತಿಳಿಯದೆ ಔಷಧಿ ಹಾಕುವುದು ಕತ್ತಲಲ್ಲಿ ಕಲ್ಲು ಹೊಡೆದಂತೆ. ವಾಸನೆ, ಬಣ್ಣದಿಂದ ಸ್ವಲ್ಪ ಅಂದಾಜು ಸಿಗುತ್ತದೆ. ಹುಳಿ ಬಂದ ಹಿಟ್ಟಿನ ವಾಸನೆ, ಕಂದು ಜಿಡ್ಡು ಇದ್ದರೆ ಹೆಚ್ಚಾಗಿ ಮಲಸೀಸಿಯಾ ಎನ್ನುವ ಯೀಸ್ಟ್. ಒಣ ಚಹಾಪುಡಿಯಂಥ ಕಪ್ಪು ಕಸ ಇದ್ದರೆ ಕಿವಿ ನುಸಿ ಇರಬಹುದು, ಇದು ಮರಿಗಳಲ್ಲಿ ಜಾಸ್ತಿ. ಹಳದಿ ಹಸಿರು ಕೀವು, ಕೆಟ್ಟ ನಾತ, ಮುಟ್ಟಿದರೆ ಚೀರುವಷ್ಟು ನೋವು ಇದ್ದರೆ ಸೂಡೋಮೊನಾಸ್ ಎನ್ನುವ ಬ್ಯಾಕ್ಟೀರಿಯಾದ ಅನುಮಾನ. ಅದು ಹಟಮಾರಿ. ಅದಕ್ಕೆ ಕಲ್ಚರ್ ಟೆಸ್ಟ್ ಮಾಡಿಸಿ, ಯಾವ ಔಷಧಿಗೆ ಸಾಯುತ್ತದೆ ಎಂದು ನೋಡಿಯೇ ಕೊಡಬೇಕು. ಆದರೆ ಅಂದಾಜು ಅಂದಾಜೇ.

ಹಳೇ ಬಾಟಲಿ ಬೇಡ ಎಂದಿದ್ದಕ್ಕೆ ಇನ್ನೊಂದು ಕಾರಣ ಇದೆ. ನಾಯಿಯ ಕಿವಿ ನಮ್ಮ ಹಾಗೆ ನೇರ ಇಲ್ಲ. ಮೊದಲು ಕೆಳಗಿಳಿದು, ಆಮೇಲೆ ಒಳಗೆ ತಿರುಗುತ್ತದೆ, ಮೊಣಕೈ ಮಡಚಿದ ಹಾಗೆ. ತಮಟೆ ಆ ತಿರುವಿನ ಆಚೆ ಇದೆ, ಹೊರಗಿನಿಂದ ಕಾಣುವುದಿಲ್ಲ. ಅದು ತೂತಾಗಿದ್ದರೆ ಜೆಂಟಾಮೈಸಿನ್‌ನಂಥ ಕೆಲವು ಔಷಧಿ ಒಳಗಿವಿಗೆ ಇಳಿದು ಕಿವುಡು ಮಾಡಬಹುದು. ಅದಕ್ಕೇ ಡಾಕ್ಟರ್ ಮೊದಲು ದೀಪ ಹಾಕಿ ಒಳಗೆ ನೋಡುವುದು.

ಇನ್ನು, ಹೋಗಿ ಮತ್ತೆ ಬರುತ್ತದೆ ಅಂದಿರಲ್ಲ, ಬಹುಶಃ ಹೋಗಿಯೇ ಇರುವುದಿಲ್ಲ. ಈ ಡ್ರಾಪ್ಸ್‌ಗಳಲ್ಲಿ ಸಾಮಾನ್ಯವಾಗಿ ಮೂರು ಔಷಧಿ ಕೂಡಿರುತ್ತವೆ: ಬ್ಯಾಕ್ಟೀರಿಯಾಗೆ ಒಂದು, ಯೀಸ್ಟ್‌ಗೆ ಒಂದು, ಊತ ಮತ್ತು ತುರಿಕೆಗೆ ಸ್ಟಿರಾಯ್ಡ್. ಸ್ಟಿರಾಯ್ಡ್ ಮೂರು ದಿನದಲ್ಲಿ ತುರಿಕೆ ಇಳಿಸುತ್ತದೆ. ನಾಯಿ ಕೆರೆಯುವುದು ನಿಲ್ಲಿಸುತ್ತದೆ, ನಾವು ಡ್ರಾಪ್ಸ್ ನಿಲ್ಲಿಸುತ್ತೇವೆ. ಒಳಗಿನ ಕ್ರಿಮಿ ಇನ್ನೂ ಇರುತ್ತದೆ. ಬಂಟಿಗೆ ಪೂರಾ ಮೂರು ವಾರ ಹಾಕಿ, ಮತ್ತೆ ಮೈಕ್ರೋಸ್ಕೋಪ್‌ನಲ್ಲಿ ನೋಡಿ, ಏನೂ ಇಲ್ಲ ಎಂದ ಮೇಲೆಯೇ ನಿಲ್ಲಿಸಿದೆವು. ನಿಮ್ಮ ನಾಯಿಗೆ ಎಷ್ಟು ದಿನ ಎಂಬುದು ಡಾಕ್ಟರ್ ಲೆಕ್ಕ, ನಾಯಿಯ ಮುಖ ನೋಡಿ ನೀವು ಹಾಕುವ ಲೆಕ್ಕ ಅಲ್ಲ.

ಈಗ ನಿಜವಾದ ಪ್ರಶ್ನೆ, ಯಾಕೆ ಬರುತ್ತದೆ? ಜೋತಾಡುವ ಕಿವಿ ಅದಕ್ಕೇ ಹೀಗೆ ಎಂದು ಎಲ್ಲರೂ ಹೇಳುತ್ತಾರೆ. ಮುಧೋಳ ನಾಯಿಯ ಕಿವಿಯೂ ಜೋತಾಡುತ್ತದೆ. ಮುಧೋಳದ ಕಡೆ ನಮ್ಮ ಸೋದರಮಾವನ ಹೊಲದಲ್ಲಿ ಎರಡು ಇವೆ, ಒಂದಕ್ಕೂ ಕಿವಿ ಸೋರಿದ್ದು ನಾನು ನೋಡಿಲ್ಲ. ಗಾಳಿ ಆಡದ ಕಿವಿ ರೋಗಕ್ಕೆ ಜಾಗ ಕೊಡುತ್ತದೆ, ನಿಜ. ಆದರೆ ಕರೆಯುವವರು ಬೇರೆ. ಪದೇ ಪದೇ ಬರುವ ಕಿವಿ ಸೋಂಕಿನ ಹಿಂದೆ ಹೆಚ್ಚಾಗಿ ಇರುವುದು ಅಲರ್ಜಿ. ಕಿವಿಯ ಒಳಭಾಗವೂ ಚರ್ಮವೇ ಅಲ್ವಾ, ಮೈ ತುರಿಸುವ ನಾಯಿಗೆ ಕಿವಿಯೂ ತುರಿಸುತ್ತದೆ. ನಿಮ್ಮ ಊರಿನ ಒಣ ಹವೆಯಲ್ಲೂ ಹೀಗಾಗುತ್ತಿದೆ ಎಂದರೆ ನನಗೆ ಮೊದಲ ಗುಮಾನಿ ಇದರ ಮೇಲೇ.

ಊಟದ ಅಲರ್ಜಿಯನ್ನು ಹಿಡಿಯಲು ನಂಬುವಂಥ ದಾರಿ ಒಂದೇ. ಕನಿಷ್ಠ 8 ವಾರ, ನಾಯಿ ಹಿಂದೆಂದೂ ತಿನ್ನದ ಊಟ ಮಾತ್ರ. ಬಂಟಿ ಹುಟ್ಟಿದಾಗಿನಿಂದ ಕೋಳಿ ಮತ್ತು ಅನ್ನ, ಹಾಲು, ಚಪಾತಿ ತಿಂದವನು. ಡಾಕ್ಟರನ್ನು ಕೇಳಿ ಮೀನು ಮತ್ತು ಬೇಯಿಸಿದ ಗೆಣಸು ಶುರು ಮಾಡಿದೆವು. ಬೆಳಗಾವಿಯಲ್ಲಿ ಗೆಣಸಿಗೇನು ಬರ ಇಲ್ಲ. ಕಷ್ಟ ಆಗಿದ್ದು ನಾಯಿಗಲ್ಲ, ನಮ್ಮ ಮಾವನವರಿಗೆ. ನಾಲ್ಕನೇ ವಾರ ಕದ್ದು ಒಂದು ತುಂಡು ಕುಂದಾ ತಿನ್ನಿಸಿದರು. "ಇಷ್ಟಾಕ ಏನಾಗತೈತಿ?" ಎಂದರು. ಕುಂದಾ ಅಂದರೆ ಹಾಲೇ! ಮತ್ತೆ ಒಂದನೇ ದಿನದಿಂದ ಲೆಕ್ಕ ಹಾಕಿದೆವು. ಎರಡನೇ ಸಲ ಎಂಟು ವಾರ ಮುಗಿಯುವ ಹೊತ್ತಿಗೆ ಕೆರೆತ ನಿಂತಿತ್ತು. ಆಮೇಲೆ ಬೇಕಂತಲೇ ಕೋಳಿ ಕೊಟ್ಟು ನೋಡಿದೆವು, ಐದೇ ದಿನಕ್ಕೆ ಕಿವಿ ಕೆಂಪಾಯಿತು. ಕಳ್ಳ ಸಿಕ್ಕ. ನಿಮ್ಮ ನಾಯಿಗೆ ಕೋಳಿಯೇ ಆಗಬೇಕೆಂದಿಲ್ಲ, ಊಟವೇ ಆಗಬೇಕೆಂದೂ ಇಲ್ಲ. ಧೂಳಿನ ನುಸಿ, ಹೂವಿನ ಪುಡಿಗೂ ಅಲರ್ಜಿ ಇರುತ್ತದೆ, ಅದಕ್ಕೆ ಬೇರೆ ಔಷಧಿ. ವಯಸ್ಸಾದ ನಾಯಿಯಾದರೆ ಥೈರಾಯ್ಡ್ ಕೂಡ ನೋಡುತ್ತಾರೆ.

ಒಂದೇ ಕಿವಿಗೆ ಇದ್ದಕ್ಕಿದ್ದಂತೆ ಬಂದರೆ ಕತೆ ಬೇರೆ. ಹೊಲದಲ್ಲಿ ಓಡಾಡುವ ನಾಯಿಗೆ ಒಣ ಹುಲ್ಲಿನ ತೆನೆಯ ಮುಳ್ಳು ಒಳಗೆ ಹೊಕ್ಕಿರಬಹುದು, ಉಣ್ಣಿ ಕೂತಿರಬಹುದು. ಉಣ್ಣಿಗೆ ತೂಕ ನೋಡಿ ಕೊಡುವ ಮಾತ್ರೆಗಳಿವೆ, ಕಿವಿ ನುಸಿಗೂ ಕೆಲಸ ಮಾಡುತ್ತವೆ. ನಾಯಿಗೆ ಫಿಟ್ಸ್ ಬಂದಿದ್ದರೆ ಮಾತ್ರ ಮೊದಲೇ ಹೇಳಿ.

ಇನ್ನು ಕಿವಿ ತೊಳೆಯುವ ಮಾತು. ನಾಯಿಗೆಂದೇ ಬರುವ ಇಯರ್ ಕ್ಲೀನರ್ ಧಾರಾಳವಾಗಿ ಸುರಿದು, ಕಿವಿಯ ಬುಡವನ್ನು ಅರ್ಧ ನಿಮಿಷ ಮೆಲ್ಲಗೆ ತಿಕ್ಕಿ. ಪಚಪಚ ಸದ್ದು ಬರಬೇಕು. ಆಮೇಲೆ ಬಿಟ್ಟುಬಿಡಿ, ಅದೇ ಒದರಿ ಕೊಳೆ ಹೊರಗೆ ಹಾಕುತ್ತದೆ, ಗೋಡೆ ಮೇಲೂ ಹಾಕುತ್ತದೆ. ಬೆರಳು ಹೋಗುವಷ್ಟೇ ಹತ್ತಿಯಿಂದ ಒರೆಸಿ. ಇಯರ್ ಬಡ್ ಬೇಡ, ಕೊಳೆ ಇನ್ನೂ ಒಳಗೆ ಹೋಗುತ್ತದೆ. ಸ್ಪಿರಿಟ್, ಪೆರಾಕ್ಸೈಡ್, ಎಣ್ಣೆ ಯಾವುದೂ ಬೇಡ. ವಾರಕ್ಕೊಮ್ಮೆ ಸಾಕು. ದಿನಾ ಸುಮ್ನೆ ತೊಳೆದರೆ ಅದೇ ಒಂದು ರೋಗ. ಸ್ನಾನ ಆದ ಮೇಲೆ ಕಿವಿ ಮಡಚಿ ಒಣಗಿಸಿ.

ತಲೆ ಒಂದು ಕಡೆ ವಾಲಿದರೆ, ನಡೆಯುವಾಗ ತೂರಾಡಿದರೆ, ಬಾಯಿ ತೆರೆಯಲು ಚೀರಿದರೆ ಕಾಯಬೇಡಿ, ಅವತ್ತೇ ದನದ ದವಾಖಾನೆಗೆ ಕರೆದುಕೊಂಡು ಹೋಗಿ. ಸೋಂಕು ತಮಟೆ ದಾಟಿರಬಹುದು.

ಒಂದು ಮಾತು ನೀವು ಬರೆದಿಲ್ಲ. ನಾಯಿ ಮುಂಗಾಲಿನ ಪಾದ ನೆಕ್ಕುತ್ತಾ ಕೂರುತ್ತದೆಯೇ? ಬಿಳಿ ಕೂದಲಾದರೆ ಎಂಜಲಿಗೆ ಕಂದಾಗಿರುತ್ತದೆ, ನೋಡಿ. ಹೌದಾದರೆ ಅದೂ ಅಲರ್ಜಿಯ ತುರಿಕೆಯೇ ಇರಬಹುದು, ಡಾಕ್ಟರಿಗೆ ಕಿವಿ ತೋರಿಸುವಾಗ ಪಾದವನ್ನೂ ತೋರಿಸಿ.